ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಜಮೀನು ಪೂರ್ತಿ ನಿಮ್ಮದಾಗಲ್ಲ

"ಪಹಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಬೇರೆ ಯಾರೂ ಕೇಳೋ ಹಾಗಿಲ್ಲ" ಅಂತ ಒಂದು ಮೆಸೇಜ್ ಊರೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಪಹಣಿ ಕಂದಾಯ ಇಲಾಖೆಯ ದಾಖಲೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಂ ಪ್ರಕಾರ ಅದರಲ್ಲಿರೋದು ನಿಜ ಅಂತ ಭಾವಿಸುತ್ತಾರೆ, ಆದರೆ ಬೇರೆಯವರು ಸುಳ್ಳು ಅಂತ ಸಾಬೀತು ಮಾಡುವವರೆಗೆ ಮಾತ್ರ. ಹಕ್ಕು ಯಾರದ್ದು ಅನ್ನೋ ಜಗಳ ಬಂದರೆ ಅದನ್ನು ತೀರ್ಮಾನಿಸೋದು ಸಿವಿಲ್ ಕೋರ್ಟು, ತಹಶೀಲ್ದಾರರಲ್ಲ.

ಹೆಚ್ಚು ಎಡವೋದು ಪೌತಿ ಖಾತೆಯಲ್ಲಿ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋದರಲ್ಲಿ. ಅಪ್ಪ ತೀರಿಕೊಂಡ ಮೇಲೆ ಓಡಾಡೋಕೆ ಸುಲಭ ಅಂತ ಹಿರಿಮಗನ ಹೆಸರಿಗೆ ಖಾತೆ ಮಾಡಿಸಿಬಿಡುತ್ತಾರೆ. ಅಷ್ಟಕ್ಕೇ ತಮ್ಮಂದಿರ, ಅಕ್ಕತಂಗಿಯರ ಪಾಲು ಹೋಗಿಬಿಡಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. (ಮದುವೆಯಲ್ಲಿ ಚಿನ್ನ ಕೊಟ್ಟಾಯ್ತಲ್ಲ ಅನ್ನೋ ವಾದ ಕೋರ್ಟಿನಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ.)

ಹಾಗಂತ ಪಹಣಿ ಸುಮ್ನೆ ಕಾಗದ ಅಂತಲ್ಲ. ಜಮೀನು ಕೊಳ್ಳೋರು 9ನೇ ಕಾಲಮ್ಮಿನ ಹೆಸರಷ್ಟೇ ನೋಡಿ ಅಡ್ವಾನ್ಸ್ ಕೊಡಬೇಡಿ, ಪಕ್ಕದ 10ರಲ್ಲಿ ಆ ಹೆಸರು ಹೇಗೆ ಬಂತು ಅಂತ, 11ರಲ್ಲಿ ಸಾಲ, ತಕರಾರು ಏನಾದರೂ ಇದೆಯಾ ಅಂತ ಓದಿ. ಆಮೇಲೆ ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ಹಳೇ ಕ್ರಯಪತ್ರ ಅಥವಾ ವಿಭಾಗಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ವಂಶವೃಕ್ಷ ಎಲ್ಲವನ್ನೂ ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಅಲ್ಲೇ ಗೊತ್ತಾಯ್ತಲ್ವಾ?