ಕಂಪ್ಯೂಟರ್ ಜೊತೆಗೆ ಮೇಲ್ವಿಚಾರಕರನ್ನೂ ನೆನೆಯಿರಿ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಕಂಪ್ಯೂಟರ್ ಸೌಲಭ್ಯವೂ ಇರುವ ‘ಅರಿವು ಕೇಂದ್ರ’ಗಳಾದ ಬಗೆಯನ್ನು ನಿಮ್ಮ ಪತ್ರಿಕೆಯ ಲೇಖನ ಚೆನ್ನಾಗಿ ವಿವರಿಸಿದೆ. ಹಳ್ಳಿಯ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆತರಲು 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಲ್ಲಿ ನನ್ನ ಮಗಳಿಗೂ ಉಚಿತ ಸದಸ್ಯತ್ವ ಸಿಕ್ಕಿತ್ತು. ಕೊರೊನಾದಿಂದ ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ಅವಳು ತಡವರಿಸದೆ ಕನ್ನಡ ಓದಲು ಕಲಿತದ್ದು ಅಲ್ಲಿಂದ ತಂದ ಕಥೆ ಪುಸ್ತಕಗಳಿಂದಲೇ.

ಆದರೆ ಕಂಪ್ಯೂಟರ್, ಗೋಡೆಚಿತ್ರಗಳ ಬಗ್ಗೆ ಅಷ್ಟೊಂದು ಬರೆದ ಲೇಖಕರು ಗ್ರಂಥಾಲಯ ನೋಡಿಕೊಳ್ಳುವ ಮೇಲ್ವಿಚಾರಕರ ಬಗ್ಗೆ ಒಂದೇ ಸಾಲಿನಲ್ಲಿ ಮುಗಿಸಿದ್ದು ಬೇಸರ ತಂದಿತು. ನಮ್ಮೂರಿನ ಮೇಲ್ವಿಚಾರಕಿ ಅಜ್ಜಿಯರ ಪಿಂಚಣಿ ಅರ್ಜಿ ತುಂಬಿಕೊಡುತ್ತಾರೆ, ಓದು ಬಾರದವರಿಗೆ ಪತ್ರಿಕೆ ಓದಿ ಹೇಳುತ್ತಾರೆ, ಯಾವ ಮಗುವಿಗೆ ಯಾವ ಪುಸ್ತಕ ಹಿಡಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಎತ್ತಿಡುತ್ತಾರೆ. ಮಳೆ ಬಂದರೆ ಸೋರುವ ಗೋಡೆಯಿಂದ ಕಪಾಟನ್ನು ಈಚೆಗೆ ಎಳೆಯುವವರೂ ಅವರೇ.

ಇವರ ಜೊತೆಗೆ ಇನ್ನೊಬ್ಬರನ್ನು ನೇಮಿಸಲು ಹಣವಿಲ್ಲ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಆಸ್ತಿ ತೆರಿಗೆಯ ಜೊತೆ ನಾವು ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. 1965ರ ಗ್ರಂಥಾಲಯ ಕಾಯ್ದೆಯಲ್ಲೇ ಈ ಕರಕ್ಕೆ ಅವಕಾಶವಿದೆ. ಅದು ಪೂರ್ತಿಯಾಗಿ, ಸಕಾಲಕ್ಕೆ ಗ್ರಂಥಾಲಯಕ್ಕೇ ತಲುಪಲಿ. ಇನ್ನೊಬ್ಬರನ್ನು ನೇಮಿಸಿ ರಾತ್ರಿ ಎಂಟರವರೆಗೆ ಬಾಗಿಲು ತೆರೆದಿಡಲಿ. ಕೂಲಿಗೆ ಹೋದವರು ಊರಿಗೆ ಮರಳುವುದೇ ಆರರ ಬಸ್ಸಿಗೆ.