ಒಂಚೂರು ತಿಂದ್ರೆ ಏನಾಗಲ್ಲ ಅನ್ನೋರಿಗೆ

ನಮ್ ಕಡೆ ಮೈಮೇಲೆ ದದ್ದು ಎದ್ರೆ ಒಂದೇ ಔಷಧಿ, ಕಂಬಳಿ. ಪಿತ್ತದ ಗಂಧೆ ಕಣೋ, ಕಂಬಳಿ ತಗೊಂಡು ಉಜ್ಜು ಅಂತಾರೆ. ಹೋದ ವರ್ಷ ಸಂಕ್ರಾಂತಿ ದಿನ ನಮ್ಮಕ್ಕನ ಮಗನಿಗೂ ನಮ್ಮಮ್ಮ ಅದನ್ನೇ ಮಾಡಿದ್ದು, ಚಳ್ಳಕೆರೆಯಿಂದ ತಂದಿದ್ದ ಕರೇ ಕಂಬಳಿ ಅಟ್ಟದಿಂದ ಇಳಿಸಿ ಹೊಟ್ಟೆ ಬೆನ್ನು ಎಲ್ಲಾ ತಿಕ್ತಾ ಕೂತಿದ್ರು, ಅಷ್ಟೊತ್ತಿಗೆ ಹುಡುಗನ ದನಿ ಗೊಗ್ಗರಾಗಿತ್ತು.

ಅವನಿಗೆ ಏಳು ವರ್ಷ, ಎಳ್ಳು ಆಗ್ಬರಲ್ಲ, ಅಲರ್ಜಿ. ಮನೇಲಿ ಎಲ್ರಿಗೂ ಗೊತ್ತಿರೋ ವಿಷಯನೇ, ಒಂದ್ಸಲ ನಾಗರಪಂಚಮಿಗೆ ಚಿಗಳಿ ತಿಂದು ತುಟಿ ಊದಿಸ್ಕೊಂಡಿದ್ದ. ಅವತ್ತು ಪಕ್ಕದ ಮನೆ ಆಂಟಿ ಸಜ್ಜೆ ರೊಟ್ಟಿ ತಂದ್ರು, ಇವನು ಬೇಡ ಅಂದ್ರೂ ಬಿಡ್ಲಿಲ್ಲ, "ಎಳ್ಳೆಲ್ಲಾ ಕೊಡವಿದೀನಿ ತಿನ್ನೋ ಪುಟ್ಟ, ಒಂಚೂರು ತಿಂದ್ರೆ ಏನಾಗಲ್ಲ, ಹಬ್ಬದ ದಿನ ಒಲ್ಲೆ ಅನ್ಬಾರ್ದು." ಹತ್ತು ನಿಮಿಷ ಆಗಿರ್ಬೇಕು ಅಷ್ಟೇ. ತುಟಿ ಊದ್ತು, ವಾಂತಿ ಆಯ್ತು, ಆಮೇಲೆ ಒಣ ಕೆಮ್ಮು, ಕೊನೆಗೆ ಮಂಕಾಗಿ ಅಕ್ಕನ ತೊಡೆ ಮೇಲೆ ಒರಗ್ಬಿಟ್ಟ.

ಬೈಕಲ್ಲಿ ಹತ್ತಿರದ ಕ್ಲಿನಿಕ್ಕಿಗೆ ಓಡಿದ್ವಿ. ಯಾವ್ದು ಅಂತ ಹೇಳಲ್ಲ. ಏವಿಲ್ ಅನ್ನೋ ಅಲರ್ಜಿ ಇಂಜೆಕ್ಷನ್ ಒಂದು, ಸ್ಟೆರಾಯ್ಡ್ ಒಂದು ಚುಚ್ಚಿ ಅರ್ಧ ಗಂಟೆಗೆ ಮನೆಗೆ ಕಳಿಸಿದ್ರು. ದದ್ದು ಇಳೀತು, ನಾವೂ ಉಸ್ಸಪ್ಪಾ ಅಂತ ಊಟಕ್ಕೆ ಕೂತ್ವಿ. ರಾತ್ರಿ ಎಂಟಕ್ಕೆ ಮತ್ತೆ ಶುರು, ಈ ಸಲ ದದ್ದೇ ಕಾಣ್ಲಿಲ್ಲ, ಬರೀ ಉಸಿರು ಗೊರ ಗೊರ. ದೊಡ್ಡ ಆಸ್ಪತ್ರೆಗೆ ಒಯ್ದಾಗ ಡ್ಯೂಟಿಲಿದ್ದ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ಒಂದ್ ಮಾತೂ ಕೇಳ್ದೆ ತೊಡೆ ಪಕ್ಕಕ್ಕೆ ಅಡ್ರಿನಲಿನ್ ಅನ್ನೋ ಇಂಜೆಕ್ಷನ್ ಹಾಕಿದ್ರು, ನೋಡ್ತಾ ನೋಡ್ತಾ ಉಸಿರು ಸಲೀಸಾಯ್ತು. ಬೆಳಗಿನ ತನಕ ಕಳಿಸ್ಲಿಲ್ಲ.

ಅವರು ಆಮೇಲೆ ಹೇಳಿದ್ದು ನಂಗೆ ಇನ್ನೂ ತಲೇಲಿ ಕೂತಿದೆ. ಏವಿಲ್ ತುರಿಕೆ ಇಳಿಸುತ್ತೆ ಅಷ್ಟೇ, ಗಂಟಲು ಬಿಡಿಸಲ್ಲ, ಬೀಳ್ತಿರೋ ಬಿಪಿ ಎತ್ತಲ್ಲ. ಎರಡನ್ನೂ ಮಾಡೋದು ಅಡ್ರಿನಲಿನ್, ತೂಕದ ಕೆಜಿಗೆ 0.01 ಮಿಲಿಗ್ರಾಂ ಲೆಕ್ಕ, ದೊಡ್ಡೋರಿಗೆ ಒಟ್ಟು 0.5 ಮಿಲಿಗ್ರಾಂ, ತೊಡೆಯ ಹೊರಗಡೆ ಮಾಂಸಕ್ಕೆ, ಅದೂ ಮೊದಲು. ಇಳಿದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಬರ್ಬಹುದು, ಅದಕ್ಕೇ ಇಟ್ಕೊಂಡು ನೋಡೋದು. ತಲೆ ಸುತ್ತಿದ್ರೆ ಎಬ್ಬಿಸಿ ನಡೆಸ್ಬೇಡಿ, ಮಲಗಿಸಿ ಕಾಲು ಮೇಲಿಡಿ, ಉಸಿರು ಕಟ್ತಿದ್ರೆ ಮಾತ್ರ ಕೂರ್ಸಿ ಅಂದ್ರು. ನಾವು ಮಾಡಿದ್ದು ನೋಡಿ, ಬೈಕಲ್ಲಿ ಮಧ್ಯ ನಿಲ್ಲಿಸ್ಕೊಂಡು ಹೋಗಿದ್ವಿ.

ನಂಗೆ ಸಿಟ್ಟು ಆ ಕ್ಲಿನಿಕ್ ಮೇಲಿಗಿಂತ ಆ "ಒಂಚೂರು" ಅನ್ನೋ ಮಾತಿನ ಮೇಲೆ ಜಾಸ್ತಿ. ಶುಗರ್ ಇರೋರಿಗೆ ಒಂಚೂರು ಹೋಳಿಗೆ ಬಡಿಸ್ದಂಗಲ್ಲ ಇದು. 1902ರಲ್ಲಿ ಫ್ರಾನ್ಸಿನ ಷಾರ್ಲ್ ರಿಶೆ ಅನ್ನೋರು ನಾಯಿಗಳಿಗೆ ಒಂದು ಸಮುದ್ರಜೀವಿಯ ವಿಷ ಕೊಟ್ಟು ನೋಡ್ತಿದ್ರು, ಮೊದಲ್ನೇ ಸಲ ತಡ್ಕೊಂಡಿದ್ದ ನಾಯಿ ಕೆಲವು ವಾರ ಬಿಟ್ಟು ಸ್ವಲ್ಪವೇ ಕೊಟ್ಟಾಗ ಸ್ವಲ್ಪ ಹೊತ್ತಲ್ಲೇ ಸತ್ತೋಯ್ತು. ನಮ್ ಹುಡುಗಂಗೆ ಆದಂಥ, ದಿಢೀರ್ ಅಂತ ಏರಿ ಜೀವಕ್ಕೇ ಕುತ್ತು ತರೋ ಅಲರ್ಜಿಗೆ ಅನಾಫಿಲ್ಯಾಕ್ಸಿಸ್ ಅನ್ನೋ ಹೆಸರು ಅಲ್ಲಿಂದ ಬಂದಿದ್ದು, 1913ರಲ್ಲಿ ನೊಬೆಲ್ಲೂ ಸಿಕ್ತು. ನೂರು ವರ್ಷ ಮೇಲಾಯ್ತು, ನಮ್ ಬೀದಿಗೆ ಸುದ್ದಿ ಬಂದಿಲ್ಲ.

ಇನ್ನೊಂದು, ಜನ ಶೇಂಗಾ ಗೋಡಂಬಿ ಎಲ್ಲಾ ಒಂದೇ ಅಂದ್ಕೋತಾರೆ. ಶೇಂಗಾ ತೊಗರಿ ಕಡಲೆ ಜಾತಿದು, ಮರದ್ದಲ್ಲ. ಗೋಡಂಬಿ ಪಿಸ್ತಾ ಮಾತ್ರ ಒಂದೇ ಕುಲ, ಒಂದು ಆಗದಿದ್ದೋರಿಗೆ ಇನ್ನೊಂದೂ ಆಗದೇ ಇರೋದು ಜಾಸ್ತಿ. ಇನ್ನು ಪ್ಯಾಕೆಟ್ಟಿನ ವಿಷಯಕ್ಕೆ ಬಂದ್ರೆ ನಮ್ಮ ದೇಶದ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ರೂಲ್ಸಲ್ಲಿ ಶೇಂಗಾ, ಗೋಡಂಬಿ ಬಾದಾಮಿ ಥರದ್ದೆಲ್ಲಾ ಅಲರ್ಜಿ ಪಟ್ಟಿಲಿದೆ, ಎಳ್ಳಿಲ್ಲ! ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನೂ ಬರೀಲೇಬೇಕು. ಎಳ್ಳಿಲ್ದೆ ಹಬ್ಬನೇ ಮಾಡದ ನಮ್ಗೆ ಅದು ಪಟ್ಟಿಗೆ ಸೇರೋವಷ್ಟು ದೊಡ್ಡದಾಗಿ ಕಂಡಿಲ್ಲ. ಸಣ್ಣಕ್ಷರದಲ್ಲಿ ನಾವೇ ಹುಡುಕ್ಬೇಕು. ಈಗ ಗಾಣದೆಣ್ಣೆ ಕ್ರೇಜ್ ಬೇರೆ. ರಿಫೈನ್ಡ್ ಎಣ್ಣೇಲಿ ಪ್ರೋಟೀನ್ ಹೆಚ್ಚುಕಮ್ಮಿ ಎಲ್ಲಾ ಹೋಗಿರುತ್ತೆ, ಗಾಣದ್ದರಲ್ಲಿ ಉಳ್ಕೊಂಡಿರುತ್ತೆ, ಅಲರ್ಜಿ ಮಾಡೋದು ಆ ಪ್ರೋಟೀನೇ. ಎಲ್ರಿಗೂ ಒಳ್ಳೇದು ಅಂತ ಫಾರ್ವರ್ಡ್ ಮಾಡೋರು ಇದನ್ನೂ ಸ್ವಲ್ಪ ಮಾಡ್ರಪ್ಪಾ.

ನಮ್ಮಮ್ಮ ಈಗ ಕಂಬಳಿ ಅಟ್ಟಕ್ಕೆ ಹಾಕಿದಾರೆ, ಆದ್ರೂ "ಪಿತ್ತನೂ ಇತ್ತು ಬಿಡು" ಅನ್ನೋದು ಬಿಟ್ಟಿಲ್ಲ.

ಮುಂದಿನ ವಾರ ಹೊಳಲ್ಕೆರೇಲಿ ಮದುವೆ, ಇವನೂ ಬರ್ತಾನೆ. ನಿನ್ನೆ ಅಡುಗೆ ಕಾಂಟ್ರ್ಯಾಕ್ಟ್ ಹಿಡಿದೋರಿಗೆ ಫೋನ್ ಮಾಡಿದ್ದೆ. "ಸಾರ್, ಎಣ್ಣೆಗಾಯಿಗೆ ಎಳ್ಳು ಹುರಿದು ಹಾಕ್ದೆ ಇದ್ರೆ ಬೀಗರು ನನ್ನ ಬೈತಾರೆ" ಅಂದ್ರು. ಪೂರ್ತಿ ಕಥೆ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಮಸಾಲೆ ರುಬ್ಬೋಕ್ ಮುಂಚೆನೇ ಹುಡುಗಂಗೆ ಒಂದ್ ಸಣ್ಣ ಪಾತ್ರೆ ಅನ್ನ ಸಾರು ತೆಗ್ದಿಡ್ತೀನಿ" ಅಂದ್ರು. ಸೌಟು ಅಂದೆ. "ಸೌಟೂ ಬೇರೆ ಇಡ್ತೀನಿ ಬಿಡ್ರಿ ಸಾರ್."