ವಿಜ್ಞಾನದ ಸರ್ಟಿಫಿಕೇಟು ಬೇಡುವ ವಿಶ್ವಾಸ

ಶಿವಮೊಗ್ಗದ ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನ, ವಾಟ್ಸಾಪ್ ಗುಂಪಿನಲ್ಲಿ ಆಗಾಗ ಒಂದು ಸಂದೇಶ ಸುತ್ತುತ್ತಿರುತ್ತದೆ. ವಿಶ್ವ ಅತಿ ಸಾಂದ್ರವಾದ ಸ್ಥಿತಿಯಿಂದ ಹಿಗ್ಗುತ್ತ ಬಂದಿದೆಯೆನ್ನುವ ಮಹಾಸ್ಫೋಟ ಸಿದ್ಧಾಂತವು, ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಸೃಷ್ಟಿಸಿದರೆನ್ನುವ ಬೈಬಲಿನ ಆದಿಕಾಂಡದ ಮೊದಲ ವಚನವನ್ನು ಸಾಬೀತುಪಡಿಸಿದೆ, ನಾಸ್ತಿಕರು ಇನ್ನಾದರೂ ಬಾಯಿ ಮುಚ್ಚಲಿ ಎಂಬುದು ಅದರ ಧಾಟಿ. ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಕಥೋಲಿಕನಾಗಿಯೇ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಗೆಲಿಲಿಯೋನ ಬಾಯಿ ಮುಚ್ಚಿಸಿದ ಮನೋಭಾವಕ್ಕೂ ಇದಕ್ಕೂ ಹತ್ತಿರದ ನೆಂಟಸ್ತಿಕೆಯಿದೆ.

ಗೆಲಿಲಿಯೋ ಪ್ರಕರಣವೆಂದರೆ ಮೂಢರಿಗೂ ಜ್ಞಾನಿಗೂ ನಡೆದ ಜಗಳವೆಂದೇ ಶಾಲೆಯಲ್ಲಿ ಕಲಿತಿದ್ದೇವೆ, ಆದರೆ ಅದು ಅಷ್ಟು ಸರಳವಾಗಿರಲಿಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆಂಬುದಕ್ಕೆ ನಿಜವಾದ ಪುರಾವೆ ದೊರೆತರೆ, ಅದಕ್ಕೆ ವಿರುದ್ಧವಾಗಿ ಕಾಣುವ ಬೈಬಲ್ ವಚನಗಳನ್ನು ಬಹಳ ಎಚ್ಚರದಿಂದ ಅರ್ಥೈಸಬೇಕಾಗುತ್ತದೆ, ಪುರಾವೆಯನ್ನು ಸುಳ್ಳೆನ್ನುವುದಕ್ಕಿಂತ ವಚನ ನಮಗೆ ಅರ್ಥವಾಗಿಲ್ಲ ಎನ್ನುವುದೇ ಮೇಲು ಎಂದು ಕಾರ್ಡಿನಲ್ ಬೆಲ್ಲಾರ್ಮಿನ್ 1615ರ ಪತ್ರವೊಂದರಲ್ಲಿ ಬರೆದಿದ್ದರು. ಗೆಲಿಲಿಯೋನ ಬಳಿ ಅಂಥ ಅಂತಿಮ ಪುರಾವೆ ಆಗ ಇರಲಿಲ್ಲ. ಸಮುದ್ರದ ಉಬ್ಬರವಿಳಿತದಿಂದ ಅವನು ಹೂಡಿದ ವಾದವೂ ತಪ್ಪಾಗಿತ್ತು. ಹಾಗಿದ್ದರೆ ಕಾಯಬಹುದಿತ್ತು. ಧರ್ಮಸಭೆಯ ಅಧಿಕಾರಿಗಳು ಕಾಯಲಿಲ್ಲ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದು ಗೆಲಿಲಿಯೋಗಿಂತ ಮೊದಲೇ ವಾದಿಸಿದ್ದ ಕೊಪರ್ನಿಕಸ್‌ನ ಗ್ರಂಥವನ್ನು 1616ರಲ್ಲಿ ತಿದ್ದುಪಡಿಯಾಗುವವರೆಗೆ ತಡೆಹಿಡಿದರು, 1633ರಲ್ಲಿ ಗೆಲಿಲಿಯೋ ತನ್ನ ಅಭಿಪ್ರಾಯವನ್ನು ತ್ಯಜಿಸುವಂತೆ ಬಲವಂತಪಡಿಸಿದರು, 1642ರಲ್ಲಿ ಸಾಯುವವರೆಗೂ ಅವನನ್ನು ಗೃಹಬಂಧನದಲ್ಲಿಟ್ಟರು. ಬೈಬಲನ್ನು ಅರ್ಥೈಸುವ ಹಕ್ಕು ಯಾರದೆಂಬ ಪ್ರಶ್ನೆ ಪ್ರೊಟೆಸ್ಟೆಂಟರೊಡನೆ ಕಾದಾಡುತ್ತಿದ್ದ ರೋಮ್‌ಗೆ ಆಗ ಮಾನದ ಪ್ರಶ್ನೆಯಾಗಿತ್ತು. ಆಕಾಶದ ವಿಚಾರ ಅದರ ನಡುವೆ ಸಿಕ್ಕಿಕೊಂಡಿತು. ಭೂಚಲನೆಯನ್ನು ಬೋಧಿಸುವ ಗ್ರಂಥಗಳೆಲ್ಲ ನಿಷೇಧಪಟ್ಟಿಯಿಂದ ಹೊರಬರಲು 1835ರವರೆಗೆ ಕಾಯಬೇಕಾಯಿತು.

ಈಗ ಮಹಾಸ್ಫೋಟಕ್ಕೆ ಬರೋಣ. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಲೆಕ್ಕ ಹಾಕಿ, 1931ರಲ್ಲಿ ವಿಶ್ವವೆಲ್ಲ ಒಂದೇ ಆದಿಮ ಪರಮಾಣುವಿನಿಂದ ಹೊಮ್ಮಿತೆಂಬ ಕಲ್ಪನೆಯನ್ನು ಮುಂದಿಟ್ಟ ಜಾರ್ಜ್ ಲೆಮೆತ್ರ್ ಬೆಲ್ಜಿಯಂನ ಒಬ್ಬ ಕಥೋಲಿಕ ಗುರು. 1951ರಲ್ಲಿ ಜಗದ್ಗುರು (ಪೋಪ್) ಹನ್ನೆರಡನೆಯ ಪಯಸ್ ಈ ಹೊಸ ವಿಜ್ಞಾನದಲ್ಲಿ ಸೃಷ್ಟಿಕರ್ತನಿಗೆ ಸಾಕ್ಷ್ಯ ಕಂಡು ಭಾಷಣ ಮಾಡಿದಾಗ, ಹಿಗ್ಗಬೇಕಾಗಿದ್ದ ಲೆಮೆತ್ರ್ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ, ಆಸ್ತಿಕನೂ ನಾಸ್ತಿಕನೂ ಅದನ್ನು ಸಮಾನವಾಗಿ ಬಳಸಬಹುದು ಎಂಬುದು ಅವರ ನಿಲುವಾಗಿತ್ತು. ನಮ್ಮ ಗುಂಪಿನ ಸಂದೇಶಗಳಲ್ಲಿ ಅವರ ಹೆಸರು ಬರುತ್ತದೆ, ಈ ನಿಲುವು ಮಾತ್ರ ಬರುವುದಿಲ್ಲ.

ನಿಷೇಧಿಸಿದಾಗಲೂ ಸಾಕ್ಷಿಗೆ ಕರೆದಾಗಲೂ ಧರ್ಮಪೀಠ ವಿಜ್ಞಾನವನ್ನು ತನ್ನ ಊಳಿಗದವನೆಂದೇ ಎಣಿಸುತ್ತದೆ. ಸಿದ್ಧಾಂತಗಳು ತಿದ್ದಿಕೊಳ್ಳುತ್ತ ಬೆಳೆಯುತ್ತವೆ. ಇಂದಿನ ಸಿದ್ಧಾಂತದ ಕೊರಳಿಗೆ ವಿಶ್ವಾಸವನ್ನು ಕಟ್ಟಿದವರು ಅದು ಬದಲಾದ ದಿನ ಏನು ಮಾಡುತ್ತಾರೆ? ಆಕಾಶ, ನಕ್ಷತ್ರಗಳ ಬಗ್ಗೆ ಕ್ರೈಸ್ತರು ಬೈಬಲಿನ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ ತಿಳಿದವರ ಮುಂದೆ ಬೈಬಲೇ ನಗೆಪಾಟಲಾಗುತ್ತದೆಂದು ಸಂತ ಅಗಸ್ಟೀನ್ ಐದನೆಯ ಶತಮಾನದಲ್ಲೇ ಎಚ್ಚರಿಸಿದ್ದರು.

ಹಾಗೆಂದು ಗುರುಗಳ ಮಾತಿಗಿರುವ ತೂಕವನ್ನು ನಾನು ಕಡೆಗಣಿಸುತ್ತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ ಮಲೆನಾಡನ್ನು ಇಂದಿಗೂ ಬಿಟ್ಟಿಲ್ಲ. ಬೇಸಿಗೆ ಸಮೀಪಿಸುವಾಗ, ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳಿ, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ, ಜ್ವರ ಬಂದರೆ ಪ್ರಾರ್ಥನೆಯ ಜೊತೆಗೆ ಆಸ್ಪತ್ರೆಗೂ ಹೋಗಿ ಎಂದು ಬಲಿಪೂಜೆಯ ಕೊನೆಯಲ್ಲಿ ಫಾದರ್ ಹೇಳಿದರೆ, ಕರಪತ್ರ ಓದದವರೂ ಕೇಳುತ್ತಾರೆ. ಆ ಪ್ರಕಟಣೆಗೆ ಬೈಬಲಿನಲ್ಲಿ ಉಣುಗಿನ ಬಗ್ಗೆ ವಚನ ಹುಡುಕುವ ಅಗತ್ಯ ಯಾರಿಗೂ ಬೀಳುವುದಿಲ್ಲ.